ಬಾಲದ ಬಣ್ಣ

ಜ್ವರವಿಲ್ಲ. ಮೂವತ್ತಾರೂವರೆ.
ಉಲಾನ್‌ಬಾತರಿನಲ್ಲಿ ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ,
ಕಲ್ಲಿದ್ದಲ ಹೊಗೆಗೆ ಎದುರಿನ ಕಟ್ಟಡವೇ ಇಲ್ಲ.
ಒಳಗೆ, ಏಳನೇ ಹಾಸಿಗೆಯಲ್ಲಿ, ಗೊಂಬೋಜಾವ್:
ಕಡ್ಡಿ ಕೈಕಾಲು, ಕೊಡದಂಥ ಹೊಟ್ಟೆ,
ಹತ್ತು ವರ್ಷದಿಂದ ಕಲ್ಲಾಗುತ್ತ ಬಂದ ಲಿವರು.

"ಎಲ್ಲಿ ನೋವು?" "ಎಲ್ಲೂ ಇಲ್ಲ."
ಒತ್ತಿದರೂ ಇಲ್ಲ.

ಹೆಂಡತಿ ದುಲ್ಮಾ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ:
"ನಮ್ಮ ಹೇರ್ ಕುದುರೆಯನ್ನ ಇವತ್ತು ಜೇರ್ದ್ ಅಂದರು."
ಎರಡೂ ಕೆಂಪೇ. ಒಂದರ ಬಾಲ ಕಪ್ಪು,
ಇನ್ನೊಂದರದು ಮೈಯದೇ ಬಣ್ಣ. ಅಷ್ಟೇ.
ಪೇಟೆಯಲ್ಲಿ ಹುಟ್ಟಿದ ನನಗೆ ಅದೇನು ಮಹಾ.
ಡಾಕ್ಟರ್ ಅರಿಯೂನ್‌ಜುಲ್ ಆಗಲೇ ಕೈ ತೊಳೆಯುತ್ತಿದ್ದಳು.

ರಕ್ತದ ಬಿಳಿಕಣ ಆರು ಸಾವಿರ.
ಯಾರಿಗಾದರೂ ಸಹಜ; ಹಳೆಯ ಚೀಟಿಯಲ್ಲಿ
ಅವನದು ಎರಡೇ ಸಾವಿರ, ಉಬ್ಬಿದ ಗುಲ್ಮ ನುಂಗಿ ಉಳಿಸಿದ್ದು.
ಉರಿಯೂತದ ಅಂಕಿಯೂ ಅಷ್ಟಕ್ಕಷ್ಟೆ:
ಅದನ್ನು ತಯಾರಿಸಬೇಕಾದ್ದೂ ಲಿವರೇ.
ಬೆಂಕಿ ಬಿದ್ದರೆ ಗಂಟೆ ಹೊಡೆಯುವವನೇ
ಹಾಸಿಗೆ ಹಿಡಿದ ಊರು ಇದು.

ಸೂಜಿಗೆ ಬಂದ ನೀರು ತಿಳಿಹಳದಿ, ಸ್ವಲ್ಪ ಮಬ್ಬು.
ಅರ್ಧ ಹಾಸಿಗೆಯ ಬದಿಯಲ್ಲೇ ಕಲ್ಚರ್ ಬಾಟಲಿಗೆ,
ಉಳಿದದ್ದು ನನಗೆ.
ಯಂತ್ರ ಕೆಟ್ಟು ಎರಡು ವಾರ.
ಗಾಜಿನ ಗೆರೆಗಳ ದೊಡ್ಡಿಯೊಳಗೆ ಒಂದೊಂದೇ ಹುಡುಕಿ
ಗಂಟುಗಂಟಾದ ಕೋಶಕೇಂದ್ರ ಕಂಡಾಗ ಗುಂಡಿ ಒತ್ತಿದೆ.
ಇನ್ನೂರೈವತ್ತು ದಾಟಿದರೆ ಕಾಯುವಂತಿಲ್ಲ.
ಅವನೂ ಸಂಜೆ ಮಂದೆ ಎಣಿಸುತ್ತಿದ್ದನಂತೆ, ಬೆರಳಲ್ಲಲ್ಲ,
ಬಣ್ಣದಲ್ಲಿ: ಯಾವುದು ಬಂದಿಲ್ಲವೆಂದು.
ನಾನು ಎಣಿಸಿದ್ದು ಬರಬಾರದಿದ್ದವರನ್ನು.

ನಾನೂರ ಹನ್ನೆರಡು.
ಫೋನಿನಲ್ಲಿ ಹೇಳಿದೆ. ನಂಬಿಕೆ ಸಾಲದೆ ಮತ್ತೆ ಎಣಿಸಿದೆ.
ಮುನ್ನೂರ ತೊಂಬತ್ತು.
ಅಷ್ಟರಲ್ಲಿ ಔಷಧ ಹನಿಯುತ್ತಿತ್ತು.

ಎರಡು ದಿನದ ಮೇಲೆ ಎಣಿಕೆ ಎಂಬತ್ತು.
ದುಲ್ಮಾ ಮೆಲ್ಲಗೆ ಕೇಳಿದಳಂತೆ, ಕುದುರೆ ಯಾವ ಬಣ್ಣ?
"ಅದನ್ನ ಮಾರಿ ಎರಡು ಚಳಿಗಾಲವಾಯ್ತು, ಮರೆತೆಯಾ?"
ಎಂದು ಗದರಿದನಂತೆ. ಅವಳು ನಗುತ್ತ
ನರ್ಸುಗಳಿಗೆಲ್ಲ ಹೇಳಿಕೊಂಡು ಬಂದಳು.

ಐದನೇ ದಿನವೂ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ.
'ಸೂಕ್ಷ್ಮಾಣುವಿನ ಹೆಸರು' ಎಂಬ ಕಡೆ ಗೆರೆ ಎಳೆದೆ.
ಲಿವರು ಹಾಗೇ ಇದೆ, ಕಲ್ಲು.

ಮನೆಗೆ ಹೊರಟಾಗ ದಾರಿಬದಿ ಒಂದು ಕೆಂಪು ಕುದುರೆ,
ಲಾರಿಯ ಹಿಂದೆ ಕಟ್ಟಿದ್ದು.
ಹೊಗೆಯಲ್ಲಿ ಅದರ ಬಾಲ ಕಾಣುವವರೆಗೂ ನಿಂತೆ.
ಬಸ್ಸು ತಪ್ಪಿತು.