ಮೈಬಣ್ಣ

ಟ್ಯೂಬಿನ ಮೇಲೆ ಮೈಬಣ್ಣ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು.
ಹಿಂಡಿದೆ. ಬಂತು
ಕಂಪನಿ ನಾಟಕದ ರಾಜನ ಕೆನ್ನೆಯ ಗುಲಾಬಿ.
"ಯಾರ ಮೈ ಇದು?" ಅಂದರು ಎರ್ರಿಸ್ವಾಮಿ ಮೇಷ್ಟ್ರು.
ಕೌಲ್‌ಬಜಾರಿನ ಆ ಮಾಳಿಗೆಯಲ್ಲಿ, ಟರ್ಪೆಂಟೈನ್ ವಾಸನೆಯಲ್ಲಿ,
ಉತ್ತರ ಸಿಗದೆ ಮುಚ್ಚಳ ತಿರುವಿಟ್ಟೆ.

ಚರ್ಮ ನನಗೆ ಹೊಸದಲ್ಲ.
ಹದಿನೆಂಟು ವರ್ಷ ದೊಡ್ಡಾಸ್ಪತ್ರೆಯಲ್ಲಿ ನೆತ್ತರು ತೆಗೆದಿದ್ದೇನೆ.
ಗಣಿ ಲಾರಿ ಡ್ರೈವರನ ತೋಳು, ಬಾಣಂತಿಯ ತೋಳು,
ನರ ಕಾಣದ ಕಡೆ ಕಣ್ಣು ಮುಚ್ಚಿ, ಬೆರಳಿಟ್ಟು,
ಅದು ಪುಟಿಯುವ ಜಾಗ ಹುಡುಕಿದ್ದೇನೆ.
ಬಣ್ಣ ನೋಡಿರಲಿಲ್ಲ, ಅಷ್ಟೇ.

ಕೂತವಳು ಮಾಬುನ್ನಿ.
ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವವಳು,
ತಾಸಿಗೆ ಇಷ್ಟು ಅಂತ ಮಾತಾಡಿಕೊಂಡೇ ಬಂದವಳು.
ಉಗುರಿನ ಬುಡದಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ.
ನಾಲ್ಕು ಗಂಟೆಯ ಬಿಸಿಲು ಕೋಟೆ ಗುಡ್ಡದ ಬಂಡೆಗೆ ಬಡಿದು
ವಾಪಸು ಬಂದು ಅವಳ ಎಡಗೆನ್ನೆ ಹಿಡಿದಿತ್ತು.

"ಕಪ್ಪು ಮುಟ್ಟಬೇಡ," ಅಂದರು ಮೇಷ್ಟ್ರು.
"ಕಪ್ಪಗಿನ ಮುಖಕ್ಕೆ ಕಪ್ಪು ಹಾಕಿದರೆ ಹೆಣ ಆಗ್ತದೆ."
ಮೂವತ್ತು ವರ್ಷ ಸಿನಿಮಾ ಬ್ಯಾನರು ಬರೆದವರು,
ನಾಯಕಿಯರಿಗೆ ಬಕೆಟ್‌ಗಟ್ಟಲೆ ಗುಲಾಬಿ ಬಳಿದವರು.
ಆ ಪಾಪ ತೊಳೆಯೋಕೆ ನೀನು ಬಂದಿ, ಅನ್ನುತ್ತಾರೆ.

ಸುಟ್ಟ ಮಣ್ಣು, ಹಳದಿ ಕಾವಿ, ಕಡ್ಡಿ ತುದಿಯಷ್ಟು ನೀಲಿ.
ಕಲಸಿದರೆ ಹುಣಸೆ ತೊಕ್ಕು.
ಬಿಳಿ ಬೆರೆಸಿದೆ, ಬೂದಿ.
ಕೆಂಪು ಬೆರೆಸಿದೆ, ಗಾಯ.
ಕೆರೆದು, ಒರೆಸಿ, ಮತ್ತೆ.
ಮೂರನೇ ಭಾನುವಾರ ಕಂಡಿತು:
ಹಣೆ ಹಳದಿಯ ಕಡೆಗೆ, ಮೂಗು ಕಿವಿ ನೆತ್ತರಿನ ಕಡೆಗೆ,
ದವಡೆಯ ಕೆಳಗಿನ ನೆರಳು ಹಸಿರು.
ಎಲೆಯ ಹಸಿರಲ್ಲ,
ತೊಳೆಯದೆ ಬಿಟ್ಟ ತಾಮ್ರದ ಬಿಂದಿಗೆಯ ಒಳಗಿನದು.

ಮಾಬುನ್ನಿ ಎದ್ದು ಬಂದು ನೋಡಿದಳು.
"ಅಯ್ಯ, ನನ್ನ ಗದ್ದಕ್ಕ ಹಸರ್ಯಾಕ್ರಿ?
ಜ್ವರ ಬಂದಂಗೈತಿ. ಸ್ವಲ್ಪ ಕೆಂಪಗ ಮಾಡ್ರಿ."
ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.
ಅವಳು ಕೇಳಿದ ಕೆಂಪು ನನ್ನ ಹಲಗೆಯಲ್ಲಿರಲಿಲ್ಲ,
ಆ ಮುಚ್ಚಿದ ಟ್ಯೂಬಿನಲ್ಲಿತ್ತು.
"ಹಿಂದೆ ಹೋಗಿ ನೋಡು," ಅಂದೆ.
ಬಾಗಿಲವರೆಗೂ ಹೋದಳು. ನಿಂತಳು.
ಬಹಳ ಹೊತ್ತಿನ ಮೇಲೆ ಸೆರಗು ಸರಿಮಾಡಿಕೊಂಡಳು,
ಅಲ್ಲಿಂದ ಯಾರೋ ನೋಡುತ್ತಿದ್ದಾರೆ ಎಂಬಂತೆ.
"ನಮ್ಮ ಅಮ್ಮಿ ಇದ್ದಂಗ ಅದಾಳ."
ಒಳ್ಳೇದಕ್ಕೆ ಅಂದಳೋ ಏನೋ, ದುಡ್ಡು ಎಣಿಸಿಕೊಂಡು ಹೋದಳು.

ಸೋಮವಾರ ಆಸ್ಪತ್ರೆಯಲ್ಲಿ
ರಬ್ಬರ್ ಪಟ್ಟಿ ಬಿಗಿದು ಒಬ್ಬ ಮುದುಕನ ತೋಳು ಬೆಳಕಿಗೆ ತಿರುಗಿಸಿದೆ.
ಮಡಿಕೆಯಲ್ಲಿ ನೇರಳೆ, ಅಂಚಿಗೆ ಅರಿಶಿನ.
ನರ ನೀಲಿಯೇ ಅಲ್ಲ. ಬೂದು,
ಸುತ್ತಲಿನ ಕಂದು ಅದನ್ನು ನೀಲಿ ಅನ್ನಿಸುತ್ತದೆ.
ಇಷ್ಟು ವರ್ಷ ಚುಚ್ಚಿದ್ದು ಯಾವುದನ್ನು?
ಸೂಜಿ ಕೈಯಲ್ಲೇ ನಿಂತಿತು.

"ಏನರ ಜಡ್ಡು ಕಾಣ್ತೈತೇನವ್ವಾ?"
ಇಲ್ಲ ಯಜ್ಜ. ಮುಷ್ಟಿ ಹಿಡಿ.