ಬ್ಯಾಡಗಿಯೊಳಗ ಕೆಮ್ಮು

ಈ ಊರಾಗ ಕೆಮ್ಮಿಗೆ ಯಾರೂ ತಿರುಗಿ ನೋಡೂದಿಲ್ಲ.
ಸೋಮವಾರ, ಗುರುವಾರ ಮಾರ್ಕೆಟ್ ತುಂಬಿತಂದ್ರ
ಬಸ್ಸಿನಿಂದ ಇಳಿದ ಬೀಗರು ನಮಸ್ಕಾರಕ್ಕಿಂತ ಮೊದಲ ಸೀನತಾರ,
ಹಮಾಲರು ಕೆಮ್ಮಿಕೋತ ಚೀಲ ಹೊರತಾರ,
ನಾಯಿ ಸುದ್ದಾ ಮಣ್ಣಿಗೆ ಮೂಗು ತಿಕ್ಕತಾವ.
ಅದಕ್ಕ, ನನ್ನ ಕೆಮ್ಮು ಬ್ಯಾರೆ ಅನ್ನೂದು
ಯಾರಿಗೂ ತಿಳೀಲಿಲ್ಲ.
ನನಗ ತಿಳೀತು,
ಅಂಗಳದಾಗ ಒಂದು ಕಾಯಿ ಇಲ್ಲದ ಶ್ರಾವಣದಾಗೂ
ರಾತ್ರಿ ಎದ್ದು ಕುಂತು ಕೆಮ್ಮಿದಾಗ.

ಹತ್ತೊಂಬತ್ತು ವರ್ಷ ಆತು
ಕೋರಿಶೆಟ್ಟರ ಅಂಗಡ್ಯಾಗ ಕಾಯಿ ಆರಸಾಕ ಹತ್ತಿ.
ಚೀಲದ ಬಾಯಿ ಬಿಚ್ಚಿದ್ರ ಸಾಕಿತ್ತು,
ಇದು ಹಸಿ, ಇದು ಹೋದ ವರ್ಷದ್ದು,
ಇದು ಕೋಲ್ಡ್ ಸ್ಟೋರೇಜಿನಾಗ ಮಲಗಿ ಎದ್ದದ್ದು,
ಮೂಗು ಹೇಳತಿತ್ತು, ನಾ ಬರೀ ಬಾಯಿ.
ಈಗ ಉರಿ ಐತಿ, ವಾಸನಿ ಇಲ್ಲ.
ಒಲಿ ಆರಿದ ಮ್ಯಾಲೆ ಕಲ್ಲು ಬಿಸಿ ಇದ್ದಂಗ.

ಕಿವಿ ಹಿಡಿದೆ.
ಕಾಯಿ ಬಲಗೈಯಾಗ ತಗೊಂಡು ಕಿವಿ ಹಂತೇಕ ಅಲುಗಾಡಿಸಿದ್ರ
ಬೀಜ ಮಾತಾಡತಾವ.
ಒಣಗಿದ್ದು ಗೆಜ್ಜಿ, ಹಸೀದು ಮೂಕ.
ಸಾವಕಾರರಿಗೆ ಇನ್ನೂ ಗೊತ್ತಿಲ್ಲ.
ಮೂರು ಮೆಟ್ಟಲ ಏರಿ ಯಾಕ ಕುಂದ್ರತಿ ಅಂತ ಕೇಳತಾರ,
ಎಣಿಸಿದ ಚೀಲ ಮತ್ತ ಯಾಕ ಎಣಸ್ತಿ ಅಂತ ಕೇಳತಾರ.
ಮಂಡಿನೋವು ಅಂತೀನಿ. ಎರಡಕ್ಕೂ.

ಮೊದಲನೇ ಸೂಜಿ ಹಾಕಿಸ್ಕೊಂಡಾಗ
ಇಪ್ಪತ್ತೆರಡು ದಿನ ಹಾಸಿಗಿ.
ಊರಿಗೆಲ್ಲಾ ಒಂದು ರಾತ್ರಿ ಜ್ವರ.
ಆಮ್ಯಾಲೆ ನಿಧಾನಕ, ಒಂದು ಸಂಜಿಮುಂದ,
ಹಿತ್ತಲದಾಗ ಸೀಮಿಎಣ್ಣಿ ವಾಸನಿ ಬಂತು!
ಡಬ್ಬಿ ಮುಚ್ಚಳ ತಗದು ತಗದು ಮೂಸಿದೆ,
ನೋಡಿದವರು ಏನಂದಾರು ಅಂತ ಸುದ್ದಾ ಅನಿಸಲಿಲ್ಲ.
ಸಂಕ್ರಾಂತಿ ಮುಂದ ಬ್ಯಾನಿ ಎರಡನೇ ಸಲ ಬಂತು.
ಊರಿಗೆ ಮೂರು ದಿನದ ನೆಗಡಿ.
ನನ್ನ ಸೀಮಿಎಣ್ಣಿ ಒಯ್ದುಬಿಟ್ಟಿತು.

ಆಶಾ ಬಿಬಿಜಾನ್ ಬುಕ್ಕು ಹಿಡಕೊಂಡು ಬಾಗಲಕ್ಕ ಬಂದ್ಲು:
ಮೂರು ತಿಂಗಳ ಆತು ನೀಲಗಂಗವ್ವ, ಎರಡನೇದು ಬಾಕಿ ಐತಿ.
ನೆಗೆಣ್ಣಿ ಫಕ್ಕೀರವ್ವ ಒಳಗಿಂದ:
ಆಕಿನ್ನ ಮತ್ತ ಮಲಗಸ್ತೀರೇನು?
ಟೆಂಡರ್ ಚೀಟ್ಯಾಗ ಇಬ್ಬರು ಖರೀದಿದಾರರು
ಒಂದ ಮಾಲಿಗೆ ಒಂದ ರೇಟು ಬರದಂಗ
ಎರಡು ಅಂಜಿಕಿ ನನ್ನ ಮುಂದ ಬಿದ್ದಿದ್ದವು.
ಸೂಜೀದು. ಮೂರನೇ ಸಲದ್ದು.
ಪೈಸಾದಷ್ಟೂ ಫರಕಿಲ್ಲ.

ಹಾವೇರಿ ಡಾಕ್ಟರು ಕನ್ನಡಕ ತಗದು ಹೇಳಿದ್ರು:
ನಿಮ್ಮಂಥವರ ಲೆಕ್ಕ ಇನ್ನೂ ಪೂರ್ತಿ ಬರದಿಲ್ಲವ್ವ.
ಹಾಕಿಸ್ಕೊಂಡು ಹಗುರಾದವರೂ ಅದಾರ,
ಮಲಗಿದವರೂ ಅದಾರ.
ನನಗ ಕೇಳಿದ್ರ, ಮೂರನೇ ಸಲದ್ದ ಹೆಚ್ಚಿನ ಅಂಜಿಕಿ.
ಆದ್ರ ಮೈ ನಿಮ್ಮದು.
ಎರಡು ವರ್ಷದಾಗ ಏಳು ಮಂದೀನ ನೋಡಿದ್ದೆ,
ಒಬ್ಬರು ರಕ್ತ ಕಡಿಮಿ ಅಂದ್ರು, ಒಬ್ಬರು ಮನಸಿಗೆ ಹಚ್ಚಿಕೋಬ್ಯಾಡ ಅಂದ್ರು.
ಗೊತ್ತಿಲ್ಲ ಅಂದವರು ಇವರ ಮೊದಲು.
ಅದಕ್ಕ ನಂಬಿದೆ.

ಬಸವ ಜಯಂತಿ ಮುಗಿಯೂತನ ತಡದೆ, ಮಾರ್ಕೆಟ್ ಇಳೀಲಿ ಅಂತ.
ಬೀಳೂದ ಇದ್ರ ಕೆಲಸ ಇಲ್ಲದಾಗ ಬೀಳಬೇಕು,
ಕೂಲಿಯವರ ಮುಹೂರ್ತ ಅಷ್ಟ.
ಹದಿನೈದು ದಿನಕ್ಕಾಗುವಷ್ಟು ಕಟಕ ರೊಟ್ಟಿ ಬಡದಿಡೂಣು ಅಂತ ಕುಂತೆ.
ಹನ್ನೊಂದಕ್ಕ ಕೈ ಸೋತವು.
ಫಕ್ಕೀರವ್ವ ಬೈಕೋತ ಬಂದು ಉಳಿದದ್ದು ಬಡದ್ಲು,
ಹಾಕಿಸ್ಕೋ ಅನ್ನಲಿಲ್ಲ, ಬ್ಯಾಡ ಅನ್ನೂದೂ ಬಿಟ್ಲು,
ಹಿಟ್ಟು ಸಾಲೂದಿಲ್ಲ ಅಂದ್ಲು ಅಷ್ಟ.

ಯಾವ ತೋಳು ಅಂತ ನರ್ಸ್ ಕೇಳಿದ್ಲು.
ಎಡಕ್ಕ ಹಾಕವ್ವ, ಬಲಗೈ ಕಿವಿಗೆ ಬೇಕು ಅಂದೆ.
ಆಕಿಗೆ ತಿಳೀಲಿಲ್ಲ, ನಕ್ಕಳು.
ಅರ್ಧ ತಾಸು ಬೆಂಚಿನ ಮ್ಯಾಲೆ ಕುಂದರ್ರಿ ಅಂದ್ರು.
ಕುಂತೆ.
ಕಂಪೌಂಡಿನ ಆಚೆ ಯಾರೋ ಕೆಮ್ಮಿದ್ರು.
ಕಾಯಿ ಕೆಮ್ಮೋ, ಬ್ಯಾರೇದೋ
ತಲಿ ಒಂದೀಟು ವಾಲಿಸಿ
ಕೇಳಿದೆ.