ಹದ್ದು

ಟೈರ್ ಅಂಗಡಿಯ ಮೇಲಿನ ಕೋಣೆ.
ಬಿ.ಎಚ್. ರಸ್ತೆಯ ಹಾರ್ನು ಕಿಟಕಿಯಿಂದ ಬಂದು
ಕೊನೆಯ ಬೆಂಚಿನಲ್ಲಿ ಕೂರುತ್ತದೆ.
ಆರೂವರೆಯ ಬ್ಯಾಚು. ಇವತ್ತಿನ ಪದವನ್ನು
ಸೀಮೆಸುಣ್ಣದಲ್ಲಿ ಬರೆದೆ: ಎಲ್, ಐ, ಎಮ್, ಐ, ಟಿ.
ಬರೆದಾದ ಮೇಲೆ ನಗು ಬಂತು. ಸೀಮೆ ಕೈಯಲ್ಲೇ ಇದೆ,
ಪುಡಿಯಾಗಿ ಬೆರಳಿಗೆ ಮೆತ್ತಿಕೊಂಡು.

'ಇದಕ್ಕೂ ಪಾಠ ಬೇಕಾ ಮೇಡಂ?' ಅಂದ ಫಯಾಜ್,
'ಇದು ಕನ್ನಡವೇ ಅಲ್ವಾ?
ಮಲವಗೊಪ್ಪ ದಾಟಿದರೆ ಲಿಮಿಟ್ ಮುಗೀತು,
ಮೀಟರ್ ಮೇಲೆ ಅರ್ಧ.'
ಜೆಸಿಂತಾ ಹೇಳಿದಳು, ತಾನು ಕ್ಯಾಷಿಗೆ ಕೂರುವ ಹೋಟೆಲಿನಲ್ಲಿ
ಲಿಮಿಟೆಡ್ ಊಟಕ್ಕೆ ಅನ್ನ ಎರಡನೇ ಸಲ ಇಲ್ಲ,
ಸಾರು ಮಾತ್ರ ಕೇಳಿದಷ್ಟು.

ನಿಘಂಟು ತೆರೆದೆ. ಮಿತಿ, ಎಲ್ಲೆ, ಮೇರೆ.
ಎಲ್ಲೆ ಎಂದರೆ ಹೊಲದ ಬದು ಕಣ್ಣಿಗೆ ಕಟ್ಟುತ್ತದೆ,
ಮಿತಿ ಎಂದರೆ ಡಾಕ್ಟರು, ಉಪ್ಪು, ಸಕ್ಕರೆ.
ಮೇರೆ ಎಂಬುದು ಮೀರಲೆಂದೇ ಹುಟ್ಟಿದ್ದು,
ಒಂಟಿಯಾಗಿ ಎಲ್ಲೂ ಸಿಗುವುದಿಲ್ಲ.
ಹದ್ದು ಅಂತಲೂ ಅನ್ನುತ್ತಾರೆ, ಎಂದೆ.

ಅಂದದ್ದೇ ತಡ, ಯಲ್ಲೋಜಿರಾವ್ ತಲೆಯೆತ್ತಿದರು.
ಹೆಡ್ ಕಾನ್‌ಸ್ಟೇಬಲ್, ಇನ್ನೆರಡು ವರ್ಷ ಸರ್ವೀಸು,
ಮೂರು ತಿಂಗಳಿಂದ ಬಾಯಿ ಬಿಟ್ಟವರಲ್ಲ.

'ಕೋರ್ಪಲಯ್ಯನ ಮಂಟಪ ಮುಳುಗಿದ ವರ್ಷ ಮೇಡಂ.
ಸೇತುವೆ ತುಂಬ ಜನ, ಮಕ್ಕಳನ್ನ ಹೆಗಲಿಗೇರಿಸಿಕೊಂಡು
ಹೊಳೆ ನೋಡ್ತಿದ್ರು.
ಕಂಬಕ್ಕೆ ಸಿಕ್ಕಿಕೊಂಡಿತ್ತು ಒಂದು ಹೆಣ. ನೀಲಿ ಅಂಗಿ.
ಈ ದಡದ ಠಾಣೆ ನಮ್ಮದು, ಆ ದಡದ್ದು ಅವರದು.
ಕಂಬ ಎಣಿಸಿದೆವು. ನಮ್ಮ ಕಡೆಯಿಂದ ಏಳನೆಯದು.
ಅವರ ಕಡೆಯಿಂದಲೂ ಏಳನೆಯದು.
ವಾಕಿಟಾಕಿಯಲ್ಲಿ ಅದೊಂದೇ ಮಾತು:
ನಮ್ಮ ಲಿಮಿಟ್ಟಿಗೆ ಬರೋದಿಲ್ಲ, ಓವರ್.
ನಮ್ಮದಕ್ಕೂ ಬರೋದಿಲ್ಲ, ಓವರ್.
ಮೇಲೆ ಒಂದು ಹದ್ದು ಸುತ್ತು ಹಾಕ್ತಿತ್ತು.
ಕೆಳಗೆ ನಾವು, ಹದ್ದಿಗಾಗಿ…'
ನಿಲ್ಲಿಸಿ, ಬಾಟಲಿಯ ನೀರು ಕುಡಿದರು.

'ಮರಳು ಎತ್ತುವ ಹಾಲೇಶಿ. ಯಾರನ್ನೂ ಕೇಳಲಿಲ್ಲ.
ಸೊಂಟಕ್ಕೆ ಹಗ್ಗ ಬಿಗಿದ,
ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ, ಇಳಿದ.
ತಂದು ಮೆಟ್ಟಿಲ ಮೇಲೆ ಮಲಗಿಸಿ
ತನ್ನ ಟವೆಲ್ಲು ಹಿಂಡಿ ಮುಖ ಮುಚ್ಚಿದ.
ಸಾಹೇಬರು ಅವನಿಗೇ ಬೈದರು:
ಹೇಳದೆ ಕೇಳದೆ ಇಳಿದೆಯಲ್ಲೋ,
ಎಲ್ಲದಕ್ಕೂ ಒಂದು ಲಿಮಿಟ್ ಬೇಡವಾ?'

ಯಾರೂ ಮಾತಾಡಲಿಲ್ಲ.
ಕೆಳಗೆ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ಹಿಡಿಯುವ ಸದ್ದು,
ಎಷ್ಟು ಹಿಡಿಯಬೇಕೋ ಅಷ್ಟಕ್ಕೆ ನಿಂತಿತು.

ನನ್ನ ಕೆಲಸ ನಾನು ಮಾಡಿದೆ. ಪದದ ಮುಂದೆ ನಿಲ್ಲುವ
ಪುಟ್ಟ ಪುಟ್ಟ ಪದಗಳು: ವಿತಿನ್, ಆಫ್, ಟು ದ.
ಮನೆಗೆ ಹೋಗಿ ಒಂದು ಸ್ವಂತ ವಾಕ್ಯ ಬರೆದು ತನ್ನಿ.

ಶುಕ್ರವಾರ ರಾಯರ ನೋಟ್‌ಬುಕ್ಕಿನಲ್ಲಿ
ಮಾರ್ಜಿನ್ನಿಗೆ ಒಂದಕ್ಷರವೂ ತಾಗದ
ಠಾಣೆಯ ದುಂಡು ಬರಹ:
ಹಾಲೇಶಿ ಕ್ರಾಸ್ಡ್ ದ ಲಿಮಿಟ್.

ವ್ಯಾಕರಣದಲ್ಲಿ ತಪ್ಪಿಲ್ಲ.
ಓದಿದವರು ಮಾತ್ರ ಬೈಗುಳ ಅಂದುಕೊಂಡಾರು.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಕೊನೆಗೆ ಪುಟದ ಬುಡದಲ್ಲಿ
ಪೆನ್ಸಿಲಿನಲ್ಲಿ, ಕನ್ನಡದಲ್ಲೇ ಕೇಳಿದೆ:
ಹಗ್ಗ ಎಷ್ಟು ಹೊತ್ತು ಹಿಡಿದಿದ್ದಿರಿ?